ಪಾದರಸದ ಮೆಮೊರಿ, ಟಿವಿ ಟ್ಯೂಬಿನ ಮೆಮೊರಿ

ಹಳೇ ಡೆಸ್ಕ್‌ಟಾಪಿಗೆ ಮೆಮೊರಿ ಹಾಕೋದು ಅಂದ್ರೆ ಹಳೇ ಮನೆಗೆ ಹೊಸ ಬಾಗಿಲು ಕೂರಿಸಿದ ಹಾಗೆ. ಬಾಗಿಲು ತೇಗದ್ದೇ ಇರಲಿ, ಚೌಕಟ್ಟಿಗೆ ಕೂರದಿದ್ದರೆ ಅದು ಬರೀ ಹಲಗೆ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ. ಅಷ್ಟನ್ನೇ ನೋಡಿ ಕೊಂಡರೆ ಕೆಟ್ಟಿರಿ! ಒಂದಕ್ಕೆ 1.8 ವೋಲ್ಟ್ ಬೇಕು, ಇನ್ನೊಂದಕ್ಕೆ 1.5. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು ಅಂತಲೇ ನಡುವಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ.

ಈ ಹೊಂದಾಣಿಕೆಯ ತಲೆನೋವು ನಮ್ಮ ಕಾಲದ್ದು ಅಂತ ಅಂದುಕೊಳ್ಳಬೇಡಿ. ನಾನಿರುವ ಈ ಕಾಂಗರೂ ನಾಡಿನಲ್ಲಿ ಅದು ಇಲ್ಲಿನ ಮೊದಲ ಕಂಪ್ಯೂಟರಿನಷ್ಟೇ ಹಳೇದು.

ಆ ಕಂಪ್ಯೂಟರ್ ಹುಟ್ಟಿದ್ದು ಸಿಡ್ನಿಯಲ್ಲಿ. ಸಿಎಸ್‌ಐಆರ್ ಸಂಸ್ಥೆಯ ರೇಡಿಯೋಫಿಸಿಕ್ಸ್ ಪ್ರಯೋಗಾಲಯದಲ್ಲಿ ಟ್ರೆವರ್ ಪಿಯರ್ಸಿ, ಮ್ಯಾಸ್ಟನ್ ಬಿಯರ್ಡ್ ಮತ್ತು ಸಂಗಡಿಗರು ಕಟ್ಟಿದ ಯಂತ್ರ, 1949ರ ನವೆಂಬರಿನಲ್ಲಿ ಮೊದಲ ಪ್ರೋಗ್ರಾಮ್ ಓಡಿಸಿತು. ಹೆಸರು ಸಿಎಸ್‌ಐಆರ್ ಮಾರ್ಕ್ 1. ಸುಮಾರು 2,000 ವಾಲ್ವುಗಳು, ಏಳು ಟನ್ ತೂಕ. ಪ್ರೋಗ್ರಾಮನ್ನು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು ಓಡುವ ಕಂಪ್ಯೂಟರುಗಳು ಆಗ ಇಡೀ ಪ್ರಪಂಚದಲ್ಲಿ ಒಂದು ಕೈಬೆರಳಿನ ಲೆಕ್ಕಕ್ಕೆ ಸಿಗುವಷ್ಟು!

ಮೆಮೊರಿ ಯಾವುದರದ್ದು ಗೊತ್ತೇ? ಪಾದರಸದ್ದು. ಉದ್ದನೆಯ ಕೊಳವೆಯಲ್ಲಿ ಪಾದರಸ ತುಂಬಿ, ಒಂದು ತುದಿಯಿಂದ ಶಬ್ದದ ಅಲೆಗಳನ್ನು ಬಿಡುವುದು. ಪಾದರಸದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,450 ಮೀಟರ್. ಒಂದೂವರೆ ಮೀಟರ್ ದಾಟಲು ಒಂದು ಮಿಲಿಸೆಕೆಂಡ್ ಬೇಕು. ಇನ್ನೊಂದು ತುದಿಗೆ ಬಂದ ಅಲೆಯನ್ನು ಮತ್ತೆ ವಿದ್ಯುತ್ ಸಂಕೇತ ಮಾಡಿ, ತಿದ್ದಿ, ತಿರುಗಿ ಮೊದಲ ತುದಿಗೇ ಕಳಿಸುವುದು. ಹೀಗೆ ಸುತ್ತುತ್ತಾ ಇರುವಷ್ಟು ಹೊತ್ತು ಅದಕ್ಕೆ ನೆನಪು. ಮಗ್ಗಿ ಮರೆಯದಿರಲಿ ಅಂತ ಹುಡುಗರು ದಾರಿಯುದ್ದಕ್ಕೂ ಗುನುಗುತ್ತಾ ಹೋಗ್ತಾರಲ್ಲ, ಹಾಗೆ.

ಹೊಂದಾಣಿಕೆಯ ಪ್ರಶ್ನೆ ಬರುವುದು ಇಲ್ಲೇ. ಅಲೆ ಆಚೆ ತುದಿ ತಲುಪುವ ಹೊತ್ತಿಗೂ ಯಂತ್ರದ ಗಡಿಯಾರಕ್ಕೂ ತಾಳ ಕೂಡಬೇಕು. ಬಿಸಿಯಾದರೆ ಪಾದರಸದಲ್ಲಿ ಶಬ್ದದ ವೇಗ ಕಮ್ಮಿಯಾಗುತ್ತೆ, ತಾಳ ತಪ್ಪುತ್ತೆ. ಅದಕ್ಕೇ ಇಂಥ ಮೆಮೊರಿಯನ್ನು ಒಂದೇ ಉಷ್ಣತೆಯಲ್ಲಿ ಇಡಬೇಕಿತ್ತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದು 20 ಬಿಟ್ಟಿನ 768 ಪದಗಳ ಜಾಗ, ಅಂದರೆ 1,920 ಬೈಟ್. ಯೂನಿಕೋಡಿನ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ನೀವು ಈ ಸಾಲಿಗೆ ಬರುವಷ್ಟರಲ್ಲಿ ಆ ಯಂತ್ರದ ಹೊಟ್ಟೆ ಎರಡು ಮೂರು ಸಲ ತುಂಬಿ ತುಳುಕಿರುತ್ತಿತ್ತು.

ಆದರೂ ಅದರ ಹತ್ತಿರ ಹಾಡು ಹಾಡಿಸಿದರು! 1951ರಲ್ಲಿ ಸಿಡ್ನಿಯಲ್ಲಿ ನಡೆದ ಕಂಪ್ಯೂಟರ್ ಸಮ್ಮೇಳನದಲ್ಲಿ ಜೆಫ್ ಹಿಲ್ ಬರೆದ ಪ್ರೋಗ್ರಾಮು ಅದರ ಸ್ಪೀಕರಿನಲ್ಲಿ 'ಕರ್ನಲ್ ಬೋಗಿ' ನುಡಿಸಿತು. ಪಿಯರ್ಸಿಯಂತೂ 1948ರಲ್ಲೇ, ಟೆಲಿಫೋನ್ ತಂತಿಯ ಮೂಲಕ ಸಿಗುವ ಯಾಂತ್ರಿಕ ವಿಶ್ವಕೋಶ ಒಂದು ದಿನ ಬರಬಹುದು ಅಂತ ಬರೆದಿದ್ದರು. ಆದರೆ ಸಂಸ್ಥೆಗೆ ಮೋಡ ಬಿತ್ತನೆ, ರೇಡಿಯೋ ಖಗೋಳದ ಮೇಲೆಯೇ ಒಲವು. ಕಂಪ್ಯೂಟರ್ ಕೆಲಸ ಕೈಬಿಟ್ಟಿತು. 1955ರಲ್ಲಿ ಯಂತ್ರವನ್ನು ಬಿಚ್ಚಿ ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. 1956ರಲ್ಲಿ ಅಲ್ಲಿ ಅದು ಸಿಎಸ್‌ಐಆರ್‌ಎಸಿ ಎಂಬ ಹೊಸ ಹೆಸರಿನಲ್ಲಿ ಮತ್ತೆ ಎದ್ದಿತು.

ಸಿಡ್ನಿಯವರು ಸುಮ್ಮನಿದ್ದರೇ? ಅದೇ 1956ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಹ್ಯಾರಿ ಮೆಸೆಲ್ ಅವರ ಮುತುವರ್ಜಿಯಿಂದ 'ಸಿಲಿಯಾಕ್' ಶುರುವಾಯಿತು. 50,000 ಪೌಂಡ್ ದಾನ ಕೊಟ್ಟವರು ಒಡವೆ ವ್ಯಾಪಾರಿ ಅಡಾಲ್ಫ್ ಬಾಸರ್. 1951ರ ಮೆಲ್ಬರ್ನ್ ಕಪ್ ಗೆದ್ದ ಡೆಲ್ಟಾ ಅವರದೇ ಕುದುರೆ! ಇದರ ಮೆಮೊರಿ ಪಾದರಸದ್ದಲ್ಲ, ಟಿವಿಯಲ್ಲಿರುವಂಥ 40 ಟ್ಯೂಬುಗಳದ್ದು. ಒಂದೊಂದರ ಪರದೆಯ ಮೇಲೆ ವಿದ್ಯುತ್ತಿನ 1,024 ಚುಕ್ಕಿಗಳು. ಚುಕ್ಕಿಗಳು ಕ್ಷಣದಲ್ಲಿ ಮಾಸುತ್ತವೆ, ಪದೇ ಪದೇ ಓದಿ ತಿರುಗಿ ಬರೆಯುತ್ತಲೇ ಇರಬೇಕು. ಒಳಗೆ ಸಣ್ಣ ಕಲೆ ಇದ್ದರೂ ಅಂಥ ಟ್ಯೂಬು ಕೆಲಸಕ್ಕೆ ಬಾರದು. ಹಾಗಾಗಿ ಪರೀಕ್ಷೆ ಮಾಡಿ ಆರಿಸಿಕೊಳ್ಳಬೇಕಿತ್ತು.

ಈಗ ನಿಮ್ಮ ಡೆಸ್ಕ್‌ಟಾಪಿನ ಮುಚ್ಚಳ ತೆಗೆದು ನೋಡಿ. ಒಳಗಿರುವ ಡಿರ್‍ಯಾಮ್ ಈ ಎರಡಕ್ಕೂ ಮೊಮ್ಮಗ. ಅದರ ಬಿಟ್ಟುಗಳೂ ಮಾಸುತ್ತವೆ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ಬರೆಯಬೇಕು. ಗಡಿಯಾರದ ತಾಳಕ್ಕೂ ಕೂಡಬೇಕು. ವೇಗದ್ದನ್ನೂ ನಿಧಾನದ್ದನ್ನೂ ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ, ಜೋಡೆತ್ತಿನ ಗಾಡಿಯಲ್ಲಿ ಒಂದು ಕುಂಟಿದ ಹಾಗೆ. ಅದಕ್ಕೇ ಮೊದಲು ಮದರ್‌ಬೋರ್ಡಿನ ಮಾಡೆಲ್ ನಂಬರ್ ನೋಡಿ, ಅದು ಎಂಥ ಮೆಮೊರಿ, ಎಷ್ಟು ಜಿಬಿ ತಡೆಯುತ್ತೆ ಅಂತ ತಿಳ್ಕೊಳ್ಳಿ. ಅಗ್ಗಕ್ಕೆ ಸಿಗುತ್ತೆ ಅಂತ ಸರ್ವರಿನ ರಿಜಿಸ್ಟರ್ಡ್ ಮೆಮೊರಿ ತರಬೇಡಿ, ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಅದು ಓಡೋದಿಲ್ಲ. 32 ಬಿಟ್ಟಿನ ವಿಂಡೋಸ್ ಇದ್ದರೆ 4 ಜಿಬಿ ದಾಟಿಸಿ ಲಾಭವಿಲ್ಲ.

ಇಷ್ಟು ಕಷ್ಟ ಯಾಕೆ, ಹಳೇದನ್ನು ಎಸೆದು ಹೊಸದು ತಂದರಾಯ್ತಲ್ಲ ಅಂತೀರಾ? ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ಇ-ತ್ಯಾಜ್ಯವನ್ನು ಕಸದ ಗುಂಡಿಗೆ ಹಾಕುವಂತಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸಿಲಿಯಾಕನ್ನು 1968ರಲ್ಲಿ ನಿಲ್ಲಿಸಿ ಬಿಡಿಬಿಡಿ ಮಾಡಿದರು, ಈಗ ಉಳಿದಿರುವುದು ಚೂರುಗಳು. ಸಿಎಸ್‌ಐಆರ್‌ಎಸಿಯನ್ನು 1964ರಲ್ಲಿ ನಿಲ್ಲಿಸಿದ ಮೇಲೆ ಮೆಲ್ಬರ್ನಿನವರು ಮ್ಯೂಸಿಯಮ್ಮಿಗೆ ಕೊಟ್ಟರು. ಸಿಡ್ನಿ ಬೇಡ ಅಂದದ್ದು ಇವತ್ತು ಅಲ್ಲಿನ ಸೈನ್ಸ್‌ವರ್ಕ್ಸ್‌ನಲ್ಲಿ ಇಡಿಯಾಗಿ ನಿಂತಿದೆ. ಮೊದಲ ತಲೆಮಾರಿನ ಕಂಪ್ಯೂಟರುಗಳಲ್ಲಿ ಹಾಗೆ ಇಡಿಯಾಗಿ ಉಳಿದಿರುವುದು ಪ್ರಪಂಚದಲ್ಲಿ ಅದೊಂದೇ ಎನ್ನುತ್ತಾರೆ.

ಸಿಡ್ನಿ ಮೆಲ್ಬರ್ನುಗಳಲ್ಲಿ ಯಾವುದು ದೊಡ್ಡದು ಅನ್ನುವ ಜಗಳ ಇಲ್ಲಿ ಮುಗಿಯುವಂಥದ್ದಲ್ಲ. ನೆನಪಿನ ವಿಷಯದಲ್ಲಿ ಮಾತ್ರ ನನ್ನ ವೋಟು ಮೆಲ್ಬರ್ನಿಗೇ.