ಚಿಂದಿಯ ಗಂಟು

ಹೊಸ ಸಿನಿಮಾದ ಮೊದಲ ಆಟ ನೋಡಿ ಹೊರಬಂದ ಹುಡುಗ ಮೈಕಿನ ಮುಂದೆ ‘ಚಿಂದಿ ಗುರೂ’ ಎಂದರೆ ನಿರ್ಮಾಪಕನ ಮನೆಯಲ್ಲಿ ಅಂದು ಹೋಳಿಗೆ ಊಟ. ಮರುದಿನದ ಪತ್ರಿಕೆಯಲ್ಲಿ ಅದೇ ಸಿನಿಮಾ ‘ಗಲ್ಲಾಪೆಟ್ಟಿಗೆ ಚಿಂದಿ ಉಡಾಯಿಸಿದೆ’. ಪಕ್ಕದ ಕಾಲಮ್ಮಿನಲ್ಲಿ ಲಾರಿಗೆ ಗುದ್ದಿದ ಕಾರು, ಅದೂ ಚಿಂದಿ. ಬೀದಿಯಲ್ಲಿ ತೋಳೇರಿಸಿ ನಿಂತವನು ಎದುರಾಳಿಯನ್ನು ‘ಚಿಂದಿ ಚಿತ್ರಾನ್ನ’ ಮಾಡುತ್ತೇನೆ ಎನ್ನುತ್ತಾನೆ. ಅಲ್ಲಿ ಚಿತ್ರಾನ್ನ ಯಾಕೆ ಬಂತು ಎಂದು ಕೇಳುವುದಕ್ಕೆ ಅದು ಸಮಯವಲ್ಲ. ಮುಂಬೈಗೆ ಹೋಗಿ ಯಾರನ್ನಾದರೂ ಚಿಂದಿ ಎಂದಿರೋ, ಜಿಪುಣ, ಚಿಲ್ಲರೆ ಬುದ್ಧಿಯವ ಎಂದು ಬೈದಂತೆ.

ಹೊಗಳಿಕೆಗೂ ಬೈಗುಳಕ್ಕೂ ಬೆದರಿಕೆಗೂ ಒದಗುವ ಈ ಪದ ಮೂಲದಲ್ಲಿ ಬಟ್ಟೆಯ ಒಂದು ಚೂರು, ಅಷ್ಟೇ. ಮರಾಠಿಯವರ ಬಾಯಲ್ಲಿ ಅದು ಚಿಂಧಿ. ಯಾರು ಯಾರಿಂದ ತಂದರು ಎಂದು ಪಟ್ಟು ಹಿಡಿದು ಕೂರುವ ಅಗತ್ಯ ನನಗೆ ಕಾಣುವುದಿಲ್ಲ, ಧಾರವಾಡ–ಬೆಳಗಾವಿಯ ಸಂತೆಗಳಲ್ಲಿ ಪದಗಳಿಗೆ ಪಾಸ್‌ಪೋರ್ಟ್ ಕೇಳಿದವರಿಲ್ಲ. ಚಿಂದಿಯ ಮರ್ಯಾದೆ ಹೆಚ್ಚಿಸುವ ಒಂದು ಕಥೆಯೂ ಜನರಲ್ಲಿದೆ. ಕೃಷ್ಣನ ಬೆರಳು ಕೊಯ್ದು ರಕ್ತ ಸುರಿಯುವಾಗ ದ್ರೌಪದಿ ಹಿಂದುಮುಂದು ನೋಡದೆ ಉಟ್ಟ ಸೀರೆಯ ಸೆರಗನ್ನೇ ಹರಿದು ಕಟ್ಟಿದಳಂತೆ. ಮುಂದೆ ಕೌರವರ ಸಭೆಯಲ್ಲಿ ಆತ ಕೊಟ್ಟ ಅಕ್ಷಯಾಂಬರ ಆ ಒಂದು ಚಿಂದಿಗೆ ಕಟ್ಟಿದ ಬಡ್ಡಿ. ವ್ಯಾಸರ ಭಾರತದಲ್ಲಿ ಹುಡುಕಬೇಡಿ, ಇದು ಅಜ್ಜಿಯರ ಭಾರತ.

ಪದವನ್ನು ಅದರ ತವರಲ್ಲೇ ನೋಡಬೇಕೆಂದರೆ ಕೌದಿ ಹೊಲಿಯುವವರ ಮನೆಗೆ ಹೋಗಬೇಕು. ಕೌದಿ ಎಂದರೆ ಗೊತ್ತಲ್ಲ: ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಒಂದೇ ಸಮ ಸಾಲುಹೊಲಿಗೆ ಹಾಕಿದ ಹೊದಿಕೆ. ಹೊದೆಯುವುದೂ ಅದನ್ನೇ, ಹಾಸುವುದೂ ಅದನ್ನೇ. ಕೂಸಿಗೆ ಮೊದಲ ಹಾಸಿಗೆ ಅಜ್ಜಿಯ ಹಳೆ ನೂಲಿನ ಸೀರೆಯ ಕೌದಿಯೇ ಆಗಬೇಕು. ನೂರಾರು ಸಲ ಒಗೆಸಿಕೊಂಡ ಹತ್ತಿಗೆ ಬರುವ ಮೆತುವು ಅಂಗಡಿಯಲ್ಲಿ ದುಡ್ಡಿಗೆ ಸಿಗುವುದಿಲ್ಲ. ಈ ಕಸುಬಿನಲ್ಲಿ ಬಟ್ಟೆಯ ವಯಸ್ಸಿಗೆ ತಕ್ಕ ಹೆಸರುಗಳಿವೆ. ಹರಿದರೂ ಇನ್ನೂ ಮೈಮೇಲಿರುವುದು ಹರಕು. ಹರಕಿಗೆ ಹಚ್ಚಿದ್ದು ತೇಪೆ. ತೇಪೆಗೂ ಬಗ್ಗದೆ ಗಂಟು ಸೇರಿದ್ದು ಚಿಂದಿ. ಅಲ್ಲಿಂದ ಅದೃಷ್ಟವಿದ್ದದ್ದು ಕೌದಿಗೆ, ಇಲ್ಲದ್ದು ಒಲೆ ಕಟ್ಟೆಯ ಮಸಿಬಟ್ಟೆಗೆ. ‘ತೇಪೆ ಹಚ್ಚುವ ಕೆಲಸ’ ಎಂದು ಸಂಪಾದಕೀಯಗಳು ಸರ್ಕಾರವನ್ನು ಹಂಗಿಸುತ್ತವೆ. ತೇಪೆ ಸರಿಯಾಗಿ ಹಚ್ಚುವುದು ಎಂಥ ಕಷ್ಟ ಎಂದು ಬರೆಯುವವರಿಗೆ ಗೊತ್ತಿದ್ದಂತಿಲ್ಲ.

ನನ್ನ ದೊಡ್ಡವ್ವನ ಮನೆಯ ಅಟ್ಟದ ಮೇಲೆ ಅಂಥ ಗಂಟೊಂದು ಸದಾ ಇರುತ್ತಿತ್ತು. ಧಾರವಾಡದ ಹತ್ತಿರದ ಹಳ್ಳಿ, ಮಣ್ಣಿನ ಮಾಳಿಗೆ ಮನೆ. ತನ್ನ ಮನೆಗಷ್ಟೇ ಅಲ್ಲ, ಕೇಳಿದವರಿಗೆಲ್ಲ ಕೂಲಿಗೆ ಹೊಲಿದುಕೊಡುವಾಕೆ. ಸುಗ್ಗಿ ಮುಗಿದು ಮುಂಗಾರು ಹನಿಯುವ ನಡುವಿನ ಬಿಸಿಲುಗಾಲ ಕೌದಿಯ ಕಾಲ. ಹೊಲದಲ್ಲಿ ಕೆಲಸ ಇರುವುದಿಲ್ಲ, ಹಳೆಯ ಅರಿವೆ ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಮಳೆ ಬರುವುದರೊಳಗೆ ಹೊದಿಕೆ ಸಿದ್ಧವಾಗಬೇಕು. ಗೊಂದಲಿಗರ ಹೆಣ್ಣುಮಕ್ಕಳು ಊರೂರು ತಿರುಗಿ, ಮನೆಯ ಪಡಸಾಲೆಯಲ್ಲೇ ಕೂತು ಕೌದಿ ಹೊಲಿದುಕೊಟ್ಟು ಹೋಗುವುದೂ ಈ ದಿನಗಳಲ್ಲೇ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂತು. ದೇಶಕ್ಕೆಲ್ಲ ಬೀಗ ಬಿದ್ದದ್ದೂ ಅಂದೇ. ಅದಕ್ಕೆ ಎರಡು ವಾರ ಮೊದಲೇ ಕೋವಿಡ್‌ನಿಂದ ದೇಶದ ಮೊದಲ ಸಾವು ನಮ್ಮ ಕಲಬುರ್ಗಿಯಲ್ಲಿ ಆಗಿತ್ತು, ಹೀಗಾಗಿ ಹೆದರಿಕೆ ಹಬ್ಬಕ್ಕಿಂತ ಮುಂಚೆಯೇ ಮನೆ ಹೊಕ್ಕಿತ್ತು. ಮೇ 31ರವರೆಗೆ ಒಂದರ ಹಿಂದೊಂದು ನಾಲ್ಕು ಕಂತು ಲಾಕ್‌ಡೌನ್. ಕೌದಿಯ ಹಂಗಾಮು ಪೂರ್ತಿ ಅದರೊಳಗೇ ಸಿಕ್ಕಿಕೊಂಡಿತು. ತಿರುಗಿ ದುಡಿಯುವವರಿಗೆ ದಾರಿ ಬಂದ್, ಕೂತು ದುಡಿಯುವವರಿಗೆ ಗಿರಾಕಿ ಬಂದ್.

ದೊಡ್ಡವ್ವನ ದಿನಚರಿ ಮಾತ್ರ ಹೊರಗಿನಿಂದ ನೋಡಿದರೆ ಹೆಚ್ಚೇನೂ ಬದಲಾಗಲಿಲ್ಲ. ಹೊತ್ತು ಹುಟ್ಟುವ ಮುಂಚೆ ರೊಟ್ಟಿ ಬಡಿದು, ನೀರು ತುಂಬಿ, ಬಿಸಿಲು ಪಡಸಾಲೆಯ ಹೊಸ್ತಿಲು ದಾಟುವುದರೊಳಗೆ ಕೌದಿ ಹಾಸುವುದು. ನಾಲ್ಕೂ ಮೂಲೆಗೆ ಭಾರಕ್ಕೆ ಕಲ್ಲು, ಇಲ್ಲವೇ ಒರಳ ಗುಂಡು, ಇಲ್ಲವೇ ಮೊಮ್ಮಕ್ಕಳು. ಹೊಲಿಯುತ್ತಾ ಕೌದಿಯ ಮೇಲೆಯೇ ಸರಿಯುತ್ತಾ ಹೋಗುವ ಆಕೆಯನ್ನು ಆ ವರ್ಷ ವಿಡಿಯೊ ಕರೆಯಲ್ಲಿ ನೋಡುತ್ತಿದ್ದೆ. ಮೊಮ್ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿ, ಕಡೆಗೆ ಶುರುವಾದದ್ದು ಜೂನ್ 25ಕ್ಕೆ. ಅಲ್ಲಿಯವರೆಗೆ ಆ ಹುಡುಗಿಗೆ ಓದಿನಷ್ಟೇ ದೊಡ್ಡ ಕೆಲಸ ಅಜ್ಜಿಯ ಸೂಜಿಗಳಿಗೆ ದಾರ ಪೋಣಿಸಿಡುವುದು. ಬೆಳಿಗ್ಗೆಯೇ ಸಾಲಾಗಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ಮಧ್ಯಾಹ್ನದವರೆಗೆ ಅಜ್ಜಿ ತಂಟೆಗೆ ಬರುವುದಿಲ್ಲ. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಶುರುವಾಯಿತಲ್ಲ, ಆ ಹೊತ್ತಿಗೆ ಸೂಜಿ ನಿಲ್ಲುತ್ತಿತ್ತು. ಹಿಂದಿ ಆಕೆಗೆ ಬರುವುದಿಲ್ಲ, ರಾಮಾಯಣ ಬರುತ್ತದೆ.

ಬದಲಾದದ್ದು ಒಳಗಿನ ಲೆಕ್ಕ. ದಾರ ಮುಗಿಯಿತು, ಅಂಗಡಿ ತೆರೆಯುವ ಹಾಗಿಲ್ಲ. ಕಾಳಿನ ಚೀಲದ ಬಾಯಿ ಹೊಲಿದ ದಾರವನ್ನು ಬಿಚ್ಚಿ ಸುತ್ತಿಟ್ಟುಕೊಳ್ಳುವ ಹಳೆ ಚಾಳಿ ಆಗ ಕೈ ಹಿಡಿಯಿತು. ರೇಷನ್ ಅಕ್ಕಿ ಬಂತು, ಜನಧನ್ ಖಾತೆಗೆ ಮೂರು ತಿಂಗಳು ಐನೂರೈನೂರು ರೂಪಾಯಿ ಬಂತು, ಕೂಲಿ ಬರಲಿಲ್ಲ. ಹೊಲಿದ ಕೌದಿಗಳು ಕೊಂಡೊಯ್ಯುವವರಿಲ್ಲದೆ ಮನೆಯ ಮೂಲೆಯಲ್ಲೇ ಉಳಿದವು.

ಇನ್ನೊಂದು ಸಂಗತಿ ನನಗೆ ಹೊಳೆದಿರಲಿಲ್ಲ, ಆಕೆಯೇ ಹೇಳಿದಳು: ಚಿಂದಿಯೂ ಬರುವುದು ನಿಂತಿತು. ಮದುವೆಗಳಿಲ್ಲ, ಆಯೇರಿಯ ಸೀರೆಗಳಿಲ್ಲ, ದರ್ಜಿಯ ಅಂಗಡಿಯ ಕಟ್‌ಪೀಸ್ ಇಲ್ಲ. ಹೊಸ ಬಟ್ಟೆ ಮನೆಗೆ ಬರದಿದ್ದರೆ ಹಳೆಯದು ಕಪಾಟಿನಿಂದ ಇಳಿಯುವುದಿಲ್ಲ. ಮೇಲಾಗಿ ಆ ದಿನಗಳಲ್ಲಿ ಅರಿವೆಯ ಮೇಲೆಲ್ಲ ವೈರಸ್ ಕೂತಿದೆ ಎಂಬ ಭಯ. ಹಾಲಿನ ಪಾಕೀಟನ್ನೇ ಸೋಪಿನಲ್ಲಿ ತೊಳೆಯುತ್ತಿದ್ದೆವು, ಇನ್ನು ಪರರ ಹಳೆ ಸೀರೆ ಮುಟ್ಟುವವರು ಯಾರು? ಓಣಿಯವಳೊಬ್ಬಳು ಕೌದಿಗೆಂದು ತಂದ ಗಂಟನ್ನು ಬಾಗಿಲಲ್ಲೇ ಇಟ್ಟು ಹೋದಳಂತೆ. ದೊಡ್ಡವ್ವ ಅದನ್ನು ಕೋಲಿನಿಂದ ಎತ್ತಿ ಮಾಳಿಗೆಯ ಬಿಸಿಲಿಗೆ ಹಾಕಿ, ವಾರಗಟ್ಟಲೆ ಅತ್ತ ಸುಳಿಯಲಿಲ್ಲ. ಮಡಿ–ಮೈಲಿಗೆಯಿಂದ ಬಿಡಿಸಿಕೊಂಡೆವು ಎಂದು ಭಾಷಣ ಮಾಡುವ ಮನೆಗಳಲ್ಲೂ ಮಡಿ ಬೇರೆ ಹೆಸರಿನಲ್ಲಿ ಬಂದು ಕೂತಿತ್ತು. ಊರುಗಳಲ್ಲಿ ಚಿಂದಿ ಆಯುವವರ ಪಾಡನ್ನಂತೂ ಕೇಳುವುದೇ ಬೇಡ. ಮನೆಮನೆಯ ಕಸದಲ್ಲಿ ಬಳಸಿ ಬಿಸಾಡಿದ ಮಾಸ್ಕುಗಳೇ ಬರತೊಡಗಿದ್ದವು, ಬರಿಗೈಯಲ್ಲಿ ಅದನ್ನು ಬೇರ್ಪಡಿಸಿದವರು ಅವರು.

ಮಾಸ್ಕಿನ ಮಾತು ಬಂತು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಮನೆಯಲ್ಲೇ ಬಟ್ಟೆಯಿಂದ ಮಾಸ್ಕ್ ಮಾಡಿಕೊಳ್ಳಿ ಎಂದು ಸಲಹೆ ಕೊಟ್ಟಿತು. ಹಳ್ಳಿಗಳ ಸ್ವಸಹಾಯ ಸಂಘಗಳು ಮಷೀನು ತುಳಿಯತೊಡಗಿದವು. ಪತ್ರಿಕೆಗಳು ‘ಮುಖಗವಸು’ ಎಂಬ ಅಂದದ ಪದ ತಂದವು, ಬಾಯಲ್ಲಿ ಉಳಿದದ್ದು ಮಾಸ್ಕೇ. ದೊಡ್ಡವ್ವನಿಗೆ ಎರಡೂ ಬೇಡ, ಆಕೆಯ ಪಾಲಿಗೆ ಅದು ‘ಬಾಯಿಕಟ್ಟೋ ಅರಿವಿ’. ಮಷೀನು ಇಲ್ಲದೆ ಕೈಯಲ್ಲೇ ಹೊಲಿದಳು, ಮೊದಲು ಮನೆಯವರಿಗೆ, ಆಮೇಲೆ ಕೇಳಿದವರಿಗೆ. ಇಲಾಸ್ಟಿಕ್ ಎಲ್ಲೂ ಸಿಗುತ್ತಿರಲಿಲ್ಲ, ಹಳೆ ಲಂಗದ ಲಾಡಿ ಆಯಿತು. “ಮೂರು ಪದರು ಇರಬೇಕಂತ ಟಿವ್ಯಾಗ ಹೇಳಾಕ ಹತ್ತ್ಯಾರ. ಆರು ಪದರು ಹೊಲಿಯಾಕಿ ನಾ, ನನಗ ಹೇಳ್ತಾರ!” ಎಂದು ನಕ್ಕದ್ದು ನೆನಪಿದೆ.

ಯಾವ ಚಿಂದಿ ಎಂಬುದರಲ್ಲಿ ಆಕೆಯದು ಖಡಕ್ ತೀರ್ಮಾನ. ಪಾಲಿಯೆಸ್ಟರ್ ಬೇಡ, ಉಸಿರು ಕಟ್ಟುತ್ತದೆ, ಬೆವರು ಹೀರುವುದಿಲ್ಲ. ಹೊಸ ಕೋರಾ ಬಟ್ಟೆಯೂ ಬೇಡ, ಗಂಜಿ ಬಿಡದೆ ಕೆನ್ನೆ ತರಚುತ್ತದೆ. ಬಹಳ ಹಳೆಯದೂ ಆಗದು, ಬಿಸಿಲಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ನಡುವಯಸ್ಸಿನ ನೂಲಿನ ಸೀರೆ, ಅದರಲ್ಲೂ ಸೆರಗಿನ ಕಡೆಯದ್ದಲ್ಲ, ಒಳಗಿನ ನೆರಿಗೆಯ ಕಡೆಯದ್ದು, ಅಲ್ಲಿ ಸವೆತ ಕಡಿಮೆ. ಇದೇ ಹೊತ್ತಿಗೆ ಅಮೆರಿಕದ ಪ್ರಯೋಗಾಲಯಗಳೂ ಯಾವ ಬಟ್ಟೆ ಎಷ್ಟು ಸೋಸುತ್ತದೆ ಎಂದು ಅಳೆಯುತ್ತಿದ್ದವು. ಅಲ್ಲಿಯವರ ಕೌದಿಯಾದ ಕ್ವಿಲ್ಟಿಗೆ ಬಳಸುವ, ಒತ್ತಾಗಿ ನೇಯ್ದ ಹತ್ತಿಬಟ್ಟೆ, ಎರಡು ಪದರಿದ್ದರೆ, ಚೆನ್ನಾಗಿಯೇ ಪಾಸಾಯಿತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಟ್ಟೆಯ ಮಾಸ್ಕ್ ಧರಿಸಿ ಎಂದದ್ದು ಏಪ್ರಿಲ್ 3ಕ್ಕೆ. ಅಷ್ಟರಲ್ಲಾಗಲೇ ಅಲ್ಲಿನ ಕ್ವಿಲ್ಟ್ ಹೊಲಿಯುವ ಹೆಂಗಸರು ವರ್ಷಗಳಿಂದ ಕೂಡಿಟ್ಟ ತುಂಡುಗಳನ್ನು ಹೊರತೆಗೆದು, ಆಸ್ಪತ್ರೆಗಳಿಗೂ ನೆರೆಹೊರೆಗೂ ಮಾಸ್ಕು ಹೊಲಿಯುತ್ತಿದ್ದರು.

ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯ ತಿರುವೊಂದರಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಗುಲಾಮರಾಗಿ ಹತ್ತಿಯ ತೋಟಗಳಲ್ಲಿ ದುಡಿದವರ ವಂಶದ ಹೆಂಗಸರು ಅಲ್ಲಿ ಸವೆದ ಕೆಲಸದ ಬಟ್ಟೆಗಳಿಂದ ಕ್ವಿಲ್ಟ್ ಹೊಲಿಯುತ್ತಾ ಬಂದವರು. ಆ ಚಿಂದಿ ಈಗ ಮ್ಯೂಸಿಯಂಗಳ ಗೋಡೆಯ ಮೇಲಿದೆ, 2006ರಲ್ಲಿ ಅಂಚೆಚೀಟಿಯೂ ಆಯಿತು. ನಮ್ಮಲ್ಲೂ ಆ ಹೆಂಗಸರ ದಾಯಾದಿಗಳಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಆಫ್ರಿಕನ್ನರ ಮಕ್ಕಳು ಇವರು. ಇವರ ಕೌದಿಗೆ ಕವಂದಿ ಎಂದು ಹೆಸರು. ಅದು ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ, ಹೊಲಿಗೆಯೂ ಅದೇ ದಾರಿ. ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಿಚಿದ ಬಟ್ಟೆಯ ‘ಫೂಲ’ ಇಡದಿದ್ದರೆ ಅದು ಮುಗಿದ ಹಾಗಲ್ಲ. ಹೊದೆಯಲು ಮೂಲೆಯ ಹೂವಿನಿಂದ ಏನೂ ಪ್ರಯೋಜನವಿಲ್ಲ. ಆದರೂ ಬೇಕು. ಬಡವರಿಗೆ ಬೆಚ್ಚಗಿದ್ದರೆ ಸಾಕು, ಚಂದ ಯಾಕೆ ಎನ್ನುವವರು ಒಮ್ಮೆ ಅದನ್ನು ನೋಡಬೇಕು.

ಇಷ್ಟು ಹೇಳಿದ ಮೇಲೆ ಚಿಂದಿ ಎನ್ನುವುದು ಬಟ್ಟೆಯ ಜಾತಿಯಲ್ಲ, ಮನೆಯವರ ತೀರ್ಪು ಎಂದೇ ನನಗೆ ಅನ್ನಿಸುತ್ತದೆ. ಒಂದೇ ಸೀರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂದು ಕಲೆ ಬಿದ್ದ ದಿನವೇ ಚಿಂದಿ. ಹಳ್ಳಿಯಲ್ಲಿ ಅದಕ್ಕೆ ಇನ್ನೂ ಹತ್ತು ವರ್ಷದ ಆಯುಸ್ಸು. 2020ರ ಆ ಎರಡು ತಿಂಗಳು ಈ ತೀರ್ಪು ಎಲ್ಲ ಮನೆಗಳಲ್ಲೂ ತಲೆಕೆಳಗಾಯಿತು. ಟ್ರಂಕು ತೆಗೆದು ಹಳೆ ನೂಲಿನ ಅರಿವೆ ಹುಡುಕದ ಮನೆ ಇದ್ದಿಲ್ಲ. ಮೂಗು–ಬಾಯಿ ಮುಚ್ಚಲು ಅಂಗಡಿಯಲ್ಲಿ ಏನೂ ಸಿಗದಿದ್ದಾಗ, ಚಿಂದಿ ಕೂಡಿಟ್ಟವರೇ ಇದ್ದವರು. ‘ಲಾಕ್‌ಡೌನ್‌ಗೆ ಬದುಕು ಚಿಂದಿ’ ಎಂದು ಟಿವಿಯಲ್ಲಿ ತಲೆಬರಹ ಓಡುತ್ತಿದ್ದಾಗಲೇ ಇದು ನಡೆದದ್ದು. ಅಂಗಡಿಗಳು ತೆರೆದವು, ಬಣ್ಣದ ಮಾಸ್ಕುಗಳು ಬಂದವು, ತೀರ್ಪು ಮತ್ತೆ ಹಳೆಯದಕ್ಕೇ ಹೋಯಿತು.

ಈಗ ಕೌದಿಗೆ ಮಹಾನಗರದಲ್ಲಿ ಒಳ್ಳೆಯ ಕಾಲ. ಸುಸ್ಥಿರ, ಅಪ್‌ಸೈಕಲ್ ಎಂಬ ಚೀಟಿ ಅಂಟಿಸಿಕೊಂಡು ಸೋಫಾದ ಮೇಲೆ ಕೂರುತ್ತದೆ. ನನ್ನ ತಕರಾರು ಅದರ ಬೆಲೆಯ ಬಗ್ಗೆ ಅಲ್ಲ, ಹೊಸ ಥಾನು ಕತ್ತರಿಸಿ ‘ಚಿಂದಿ’ ಮಾಡಿ ಹೊಲಿಯುವುದರ ಬಗ್ಗೆ. ಚಿಂದಿಯನ್ನು ಉಟ್ಟು ತೊಟ್ಟು ಸವೆಸಿಯೇ ಮಾಡಬೇಕು, ಕತ್ತರಿಯಿಂದ ಆಗುವುದಿಲ್ಲ. ಇನ್ನು ಹಳ್ಳಿಯ ಕೂಲಿ. ವಾರಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದದ್ದಕ್ಕೆ ಸಿಗುವ ದುಡ್ಡಿನಲ್ಲೂ ಚೌಕಾಸಿ ಮಾಡುವವರು ನಾವೇ, “ಅರಿವಿ ನಮ್ದ ಐತಲ್ಲ” ಎಂಬ ವಾದ ಹೂಡಿ.

ಈ ಸಲ ಕಪಾಟು ಖಾಲಿ ಮಾಡುವಾಗ ನೂಲಿನ ಸೀರೆಗಳನ್ನು ಸ್ಟೀಲ್ ಪಾತ್ರೆಯವನ ಬುಟ್ಟಿಗೆ ಹಾಕಿ ಒಂದು ಡಬ್ಬಿ ತಂದುಕೊಳ್ಳುವ ಮುಂಚೆ, ನಿಮ್ಮ ಊರಿನಲ್ಲೋ ಅಜ್ಜಿಯ ಊರಿನಲ್ಲೋ ಕೌದಿ ಹೊಲಿಯುವವರು ಉಳಿದಿದ್ದಾರೆಯೇ ವಿಚಾರಿಸಿ. ಒಗೆದು ಕೊಡಿ. ಪಾಲಿಯೆಸ್ಟರ್ ಬೆರೆಸಬೇಡಿ, ಸೂಜಿ ಜಾರುತ್ತದೆ. ಕೇಳಿದ ಕೂಲಿಯನ್ನು ಕೇಳಿದಷ್ಟೇ ಕೊಡಿ.