ದೆಹಲಿಯ ಮೂರು ಪ್ರಶ್ನೆ, ನಮ್ಮ ಕೆಡಿಪಿ ಪುಸ್ತಕ

ತಾಲ್ಲೂಕಿನ ಕೆಡಿಪಿ ಸಭೆಗೆ ಹೋಗಿ ಕೂತವರಿಗೆಲ್ಲ ಗೊತ್ತು, ಅಲ್ಲಿ ‘ಪ್ರಗತಿ’ ಎಂದರೆ ಖರ್ಚು. ಬಂದ ಅನುದಾನದಲ್ಲಿ ಶೇಕಡಾ ಎಷ್ಟು ಮುಗಿದಿದೆ ಎಂಬುದನ್ನು ಇಲಾಖೆಗೊಬ್ಬರು ಎದ್ದು ಓದುತ್ತಾರೆ. ತೊಂಬತ್ತು ದಾಟಿದವರಿಗೆ ಶಾಸಕರು ತಲೆಯಾಡಿಸುತ್ತಾರೆ, ಐವತ್ತರೊಳಗೆ ಇದ್ದವರನ್ನು ನಿಲ್ಲಿಸಿ ಬೈಯುತ್ತಾರೆ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನಾವು ‘ಪ್ರಗತಿ ಕುಂಠಿತ: ಅಧಿಕಾರಿಗಳಿಗೆ ತರಾಟೆ’ ಎಂದು ತಲೆಬರಹ ಬರೆದುಕೊಳ್ಳುತ್ತೇವೆ. ಹತ್ತು ವರ್ಷದಿಂದ ಇದೇ ತಲೆಬರಹ. ನಡುವೆ ಶಾಸಕರು ಬದಲಾದರು, ಅಧಿಕಾರಿಗಳು ಬದಲಾದರು, ಕುರ್ಚಿಗಳೂ ಬದಲಾದವು.

ಡಿಪ್ಲೊಮಾ ಓದುವಾಗ ನಮಗೆ ‘ಅಭಿವೃದ್ಧಿ ಪತ್ರಿಕೋದ್ಯಮ’ ಎಂಬ ಒಂದು ಪೇಪರ್ ಇತ್ತು. ಅದರಲ್ಲಿ ಅಭಿವೃದ್ಧಿಗೆ ನಾಲ್ಕೈದು ವ್ಯಾಖ್ಯೆಗಳಿದ್ದವು. ಬಾಯಿಪಾಠ ಮಾಡಿ ಪಾಸಾದೆವು. ಆ ವ್ಯಾಖ್ಯೆಗಳ ಹಿಂದೆ ಜಗಳ ಇತ್ತು, ಆ ಜಗಳದ ಒಂದು ದೊಡ್ಡ ಸುತ್ತು ನಮ್ಮ ದೆಹಲಿಯಲ್ಲೇ ನಡೆದಿತ್ತು ಎಂದು ಆಗ ಯಾರೂ ಹೇಳಲಿಲ್ಲ. ಆ ಕಥೆ ಇಲ್ಲಿದೆ.

1957ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಸೊಸೈಟಿ ಫಾರ್ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಎಂಬ ಸಂಘ ಹುಟ್ಟಿತು. ಚಿಕ್ಕದಾಗಿ ಎಸ್‌ಐಡಿ ಎನ್ನುತ್ತಾರೆ. ಅದು ಸರ್ಕಾರದ್ದಲ್ಲ, ವಿಶ್ವಸಂಸ್ಥೆಯದ್ದೂ ಅಲ್ಲ. ಬಡದೇಶಗಳ ಯೋಜನೆ, ಸಾಲ, ನೆರವು, ಕೃಷಿ, ಆರೋಗ್ಯ ಅಂತ ಕೆಲಸ ಮಾಡುತ್ತಿದ್ದ ಅರ್ಥಶಾಸ್ತ್ರಜ್ಞರು, ಅಧಿಕಾರಿಗಳು, ಮೇಷ್ಟ್ರುಗಳು ವ್ಯಕ್ತಿಗಳಾಗಿ ಸದಸ್ಯರಾಗಬಹುದಾದ ಸಂಘ. ಊರೂರಿನ ಶಾಖೆಗಳು, ಒಂದು ಪತ್ರಿಕೆ, ಆಗಾಗ ಒಂದು ವಿಶ್ವ ಸಮ್ಮೇಳನ, ಇಷ್ಟೇ ಅದರ ಕೆಲಸ. 1970ರ ದಶಕದ ಕೊನೆಗೆ ಅದರ ಮುಖ್ಯ ಕಚೇರಿ ರೋಮ್‌ಗೆ ಹೋಯಿತು. ಅಣೆಕಟ್ಟು ಕಟ್ಟದ, ಸಾಲ ಕೊಡದ, ಬರೀ ಮಾತಾಡುವ ಇಂಥ ಸಂಘದಿಂದ ಏನಾಗುತ್ತದೆ ಎಂದು ಮೊದಲು ನಮಗೂ ಅನ್ನಿಸಿತ್ತು.

ಅದರ 11ನೇ ವಿಶ್ವ ಸಮ್ಮೇಳನ ನಡೆದದ್ದು 1969ರ ನವೆಂಬರ್‌ನಲ್ಲಿ, ನವದೆಹಲಿಯಲ್ಲಿ. ಆ ವರ್ಷ ನೆನಪು ಮಾಡಿಕೊಳ್ಳಿ. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಬಿರುಕು ಬಯಲಿಗೆ ಬಂದಿತ್ತು. ಅದೇ ತಿಂಗಳು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ತೆಗೆದುಹಾಕಿ, ಕಾಂಗ್ರೆಸ್ ಎರಡು ಹೋಳಾಯಿತು. ಪತ್ರಿಕೆಗಳ ಮುಖಪುಟ ಪೂರ್ತಿ ಆ ಸುದ್ದಿಯೇ ಇರುವಾಗ ವಿದೇಶಿ ವಿದ್ವಾಂಸರ ಸಭೆಗೆ ಯಾರು ಜಾಗ ಕೊಡುತ್ತಾರೆ?

ಆ ಸಮ್ಮೇಳನಕ್ಕೆ ಡಡ್ಲಿ ಸೀರ್ಸ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಬಂದಿದ್ದರು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 1966ರಲ್ಲಿ ಶುರುವಾದ ಅಭಿವೃದ್ಧಿ ಅಧ್ಯಯನ ಸಂಸ್ಥೆಗೆ ಅವರು ಮೊದಲ ನಿರ್ದೇಶಕ. ಲ್ಯಾಟಿನ್ ಅಮೆರಿಕ, ಆಫ್ರಿಕಾ ಎಲ್ಲ ತಿರುಗಿ ಅಂಕಿಸಂಖ್ಯೆಗಳ ಒಳಹೊರಗು ಕಂಡವರು. ಅವರು ಮಂಡಿಸಿದ ಪ್ರಬಂಧದ ಹೆಸರು ‘ಅಭಿವೃದ್ಧಿಯ ಅರ್ಥ’.

ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಂದು ದೇಶ ಅಭಿವೃದ್ಧಿ ಆಗುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಮೂರು ಪ್ರಶ್ನೆ ಕೇಳಿ. ಬಡತನ ಏನಾಗಿದೆ? ನಿರುದ್ಯೋಗ ಏನಾಗಿದೆ? ಅಸಮಾನತೆ ಏನಾಗಿದೆ? ಮೂರೂ ಇಳಿದಿದ್ದರೆ ಅನುಮಾನವಿಲ್ಲ, ಅದು ಅಭಿವೃದ್ಧಿ. ಒಂದೋ ಎರಡೋ ಹೆಚ್ಚಾಗಿದ್ದರೆ, ಅದರಲ್ಲೂ ಮೂರೂ ಹೆಚ್ಚಾಗಿದ್ದರೆ, ತಲಾ ಆದಾಯ ದುಪ್ಪಟ್ಟಾಗಿದ್ದರೂ ಅದನ್ನು ಅಭಿವೃದ್ಧಿ ಎಂದು ಕರೆಯುವುದು ವಿಚಿತ್ರ.

ಇವತ್ತು ಇದು ಯಾರು ಬೇಕಾದರೂ ಹೇಳುವ ಮಾತು ಅನ್ನಿಸಬಹುದು. ಆಗ ಹಾಗಿರಲಿಲ್ಲ. ರಾಷ್ಟ್ರೀಯ ಉತ್ಪನ್ನ ವರ್ಷಕ್ಕೆ ಶೇ 5ರಂತೆ ಬೆಳೆದರೆ ಸಾಕು, ಉಳಿದದ್ದು ತಾನಾಗಿ ಕೆಳಗೆ ಇಳಿದು ಬರುತ್ತದೆ ಎಂಬುದೇ ಆ ದಶಕದ ನಂಬಿಕೆ. 1960ರ ದಶಕಕ್ಕೆ ‘ಅಭಿವೃದ್ಧಿ ದಶಕ’ ಎಂದು ಹೆಸರಿಟ್ಟ ವಿಶ್ವಸಂಸ್ಥೆ ಹಾಕಿಕೊಂಡ ಗುರಿಯೂ ಅದೇ ಶೇ 5. ಆ ನಂಬಿಕೆಯ ಮೇಲೆ ಕೆಲಸ ಮಾಡುತ್ತಿದ್ದವರು ಕೂತಿದ್ದ ಸಭೆಯಲ್ಲೇ ಸೀರ್ಸ್ ಇದನ್ನು ಹೇಳಿದರು.

ನಮಗೆ ಆ ಪ್ರಬಂಧದಲ್ಲಿ ಹಿಡಿಸಿದ್ದು ಇನ್ನೊಂದು ಮಾತು. ಬಡದೇಶಗಳ ಅಂಕಿಅಂಶ ಕಚೇರಿಗಳು ರಾಷ್ಟ್ರೀಯ ಆದಾಯ ಲೆಕ್ಕ ಹಾಕುವುದಕ್ಕೆ ಇರುವ ಜನರನ್ನೆಲ್ಲ ಬಳಸುತ್ತವೆ. ಹಸಿವು, ಕೆಲಸ, ಹಂಚಿಕೆ ಇವುಗಳನ್ನು ಎಣಿಸುವುದಕ್ಕೆ ಯಾರೂ ಉಳಿಯುವುದಿಲ್ಲ ಎಂದು ಅವರು ದೂರಿದ್ದರು. ಯಾವುದನ್ನು ಎಣಿಸುತ್ತೇವೋ ಅದರ ಬಗ್ಗೆ ಮಾತಾಡುತ್ತೇವೆ, ಎಣಿಸದೆ ಇದ್ದದ್ದು ಇಲ್ಲವೇ ಇಲ್ಲ. ಕೆಡಿಪಿ ಪುಸ್ತಕ ಹಿಡಿದುಕೊಂಡು ಓಡಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭಾರತದಲ್ಲಿ ಬಡತನ ಎಣಿಸುವ ಪ್ರಯತ್ನ ಅಷ್ಟರಲ್ಲಿ ಶುರುವಾಗಿತ್ತು ಎನ್ನುವುದನ್ನೂ ಹೇಳಬೇಕು. 1962ರಲ್ಲಿ ಒಂದು ತಜ್ಞರ ತಂಡ ಒಬ್ಬರಿಗೆ ತಿಂಗಳಿಗೆ 20 ರೂಪಾಯಿ ಕನಿಷ್ಠ ಖರ್ಚು ಎಂದು ಗೆರೆ ಎಳೆದಿತ್ತು. ದೆಹಲಿ ಸಮ್ಮೇಳನ ಮುಗಿದು ಒಂದು ವರ್ಷದ ಮೇಲೆ, 1971ರಲ್ಲಿ, ದಾಂಡೇಕರ್ ಮತ್ತು ರಥ್ ಅವರ ‘ಭಾರತದಲ್ಲಿ ಬಡತನ’ ಅಧ್ಯಯನ ಬಂತು. ದಿನಕ್ಕೆ 2250 ಕ್ಯಾಲೊರಿ ಊಟಕ್ಕೂ ಗತಿಯಿಲ್ಲದವರು ಹಳ್ಳಿಯಲ್ಲಿ ಶೇ 40ರಷ್ಟು, ಪಟ್ಟಣದಲ್ಲಿ ಶೇ 50ರಷ್ಟು ಇದ್ದಾರೆ ಎಂದಿತು. ಅದೇ ವರ್ಷ ಚುನಾವಣೆಯಲ್ಲಿ ‘ಗರೀಬಿ ಹಟಾವೋ’ ಗೆದ್ದಿತು. ಪ್ರಶ್ನೆಗಿಂತ ಘೋಷಣೆಗೆ ಯಾವಾಗಲೂ ಕಾಲು ಜಾಸ್ತಿ.

ಇಲ್ಲಿ ಒಂದು ಪಕ್ಕದ ಮಾತು. ಅದೇ 1969ರಲ್ಲಿ ದೆಹಲಿಯ ಹಿಂದೂಸ್ತಾನ್ ಟೈಮ್ಸ್ ಸಂಪಾದಕರಾಗಿದ್ದ ಬಿ.ಜಿ. ವರ್ಗೀಸ್, ದೆಹಲಿಗೆ ಹತ್ತಿರದ ಛತೇರಾ ಎಂಬ ಹರಿಯಾಣದ ಹಳ್ಳಿಯೊಂದನ್ನು ಹಿಡಿದು ‘ನಮ್ಮೂರು ಛತೇರಾ’ ಎಂಬರ್ಥದ ಅಂಕಣ ಶುರು ಮಾಡಿದ್ದರು. ವರದಿಗಾರರು ಆಗಾಗ ಅಲ್ಲಿಗೆ ಹೋಗಿ ಬಾವಿ, ಬೆಳೆ, ಸಾಲ, ಮದುವೆ, ಜಗಳ ಎಲ್ಲ ಬರೆಯುತ್ತಿದ್ದರು. ಸೀರ್ಸ್ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಅಲ್ಲಿ ಸ್ವಲ್ಪ ದೂರದಲ್ಲೇ, ನಮ್ಮ ಕಸುಬಿನವರಿಂದಲೇ ನಡೆಯುತ್ತಿತ್ತು.

ಇನ್ನೊಂದು ಉತ್ತರ ಮಂಡ್ಯದಲ್ಲಿತ್ತು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದ್ದರು. ಹಳ್ಳಿಗಳಿಗೆ ವಾಂಗಾಲ, ದಾಲೇನ ಎಂದು ಹುಸಿ ಹೆಸರು ಕೊಟ್ಟಿದ್ದರು. 1970ರಲ್ಲಿ ಮತ್ತೆ ಬಂದು ನೋಡಿದರು. ವಾಂಗಾಲಕ್ಕೆ ನಾಲೆ ನೀರು ಬಂತು, ಕಬ್ಬು ಬಂತು, ದುಡ್ಡು ಬಂತು. ಆದರೆ ಯಾರು ಯಜಮಾನ, ಯಾರು ಆಳು ಎಂಬ ಹಳೇ ಕಟ್ಟು ಹೆಚ್ಚು ಅಲುಗಾಡಲಿಲ್ಲ. ಎತ್ತರದಲ್ಲಿದ್ದ ದಾಲೇನಕ್ಕೆ ನಾಲೆ ನೀರು ಹತ್ತಲಿಲ್ಲ. ಆ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿಕೊಂಡು ಹೋದರು. ಊರೊಳಗಿನ ಸಂಬಂಧಗಳು ಹೆಚ್ಚು ಬದಲಾದದ್ದು ಅಲ್ಲಿಯೇ. ನೀರು ಬಂದರೆ ಅಭಿವೃದ್ಧಿ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ನಮ್ಮಂಥವರು ಆ ಪುಸ್ತಕ ಓದಬೇಕು.

ಎಸ್‌ಐಡಿ ಕಥೆಗೆ ವಾಪಸ್ ಬರೋಣ. ಮುಂದಿನ ವಿಶ್ವ ಸಮ್ಮೇಳನ 1971ರ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವಾದಲ್ಲಿ. ಅಲ್ಲಿ ಮಾತಾಡಿದವರು ಪಾಕಿಸ್ತಾನದ ಮಹಬೂಬ್ ಉಲ್ ಹಕ್. ಪಾಕಿಸ್ತಾನದ ಯೋಜನಾ ಆಯೋಗದಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದವರು. ಬೆಳವಣಿಗೆ ದರದಲ್ಲಿ ಆ ದೇಶ 1960ರ ದಶಕದ ಮಾದರಿ ವಿದ್ಯಾರ್ಥಿ. ಆದರೆ 1968ರಲ್ಲಿ ಇದೇ ಹಕ್, ದೇಶದ ಕೈಗಾರಿಕೆಯ ಮೂರರಲ್ಲಿ ಎರಡು ಪಾಲು ಬರೀ 22 ಕುಟುಂಬಗಳ ಕೈಯಲ್ಲಿದೆ ಎಂದು ಕರಾಚಿಯಲ್ಲಿ ಹೇಳಿ ಗದ್ದಲ ಎಬ್ಬಿಸಿದ್ದರು. ತಾವೇ ಬರೆದ ಯೋಜನೆಯ ಫಲವನ್ನು ತಾವೇ ಎಣಿಸಿ ಹೇಳುವುದು ಸಣ್ಣ ಧೈರ್ಯವಲ್ಲ. ಒಟ್ಟಾವಾದಲ್ಲಿ ಅವರು ಹೇಳಿದ್ದು: ರಾಷ್ಟ್ರೀಯ ಉತ್ಪನ್ನ ನೋಡಿಕೊಳ್ಳಿ, ಅದು ಬಡತನವನ್ನು ನೋಡಿಕೊಳ್ಳುತ್ತದೆ ಎಂದು ನಮಗೆ ಕಲಿಸಿದ್ದರು; ಈಗ ಅದನ್ನು ತಿರುವಿ ಹಾಕೋಣ, ಬಡತನ ನೋಡಿಕೊಳ್ಳೋಣ. ಅವರು ಇದನ್ನು ಹೇಳುವ ಹೊತ್ತಿಗೆ ಪೂರ್ವ ಪಾಕಿಸ್ತಾನದಲ್ಲಿ ಸೇನೆ ಇಳಿದು ಎರಡು ತಿಂಗಳಾಗಿತ್ತು, ನಿರಾಶ್ರಿತರು ಭಾರತದ ಗಡಿ ದಾಟುತ್ತಿದ್ದರು. ವರ್ಷದ ಕೊನೆಗೆ ಆ ದೇಶವೇ ಎರಡಾಯಿತು.

ಇದೇ ಕಾಲಕ್ಕೆ ವಾಷಿಂಗ್ಟನ್ ಶಾಖೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಡೆನ್ಮಾರ್ಕಿನ ಎಸ್ಟರ್ ಬೋಸ್‌ರಪ್ 1970ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದರು. 1950ರ ದಶಕದ ಕೊನೆಯಲ್ಲಿ ಭಾರತದಲ್ಲಿದ್ದು ಕೆಲಸ ಮಾಡಿದವರು ಆಕೆ. ಆಫ್ರಿಕಾ, ಏಷ್ಯಾದ ಹೊಲಗಳಲ್ಲಿ ಅರ್ಧಕ್ಕರ್ಧ ಕೆಲಸ ಹೆಂಗಸರದ್ದು, ಆದರೆ ಹೊಸ ಬೀಜ, ಯಂತ್ರ, ಸಾಲ, ತರಬೇತಿ ಎಲ್ಲ ಗಂಡಸರಿಗೆ ಹೋಗುತ್ತದೆ, ಹಾಗಾಗಿ ‘ಅಭಿವೃದ್ಧಿ’ ಆದಂತೆಲ್ಲ ಹೆಂಗಸು ಹಿಂದೆ ಬೀಳುತ್ತಾಳೆ ಎನ್ನುವುದು ಅದರ ವಾದ. ಎಸ್‌ಐಡಿಯ ವಾಷಿಂಗ್ಟನ್ ಶಾಖೆಯ ಮಹಿಳಾ ಸಮಿತಿ ಈ ಪುಸ್ತಕವನ್ನು ಕೈಗೆತ್ತಿಕೊಂಡಿತು. ‘ಅಭಿವೃದ್ಧಿಯಲ್ಲಿ ಮಹಿಳೆ’ ಎಂಬ ಪದಪುಂಜ ಬಳಕೆಗೆ ಬಂದದ್ದೇ ಆ ಸಮಿತಿಯಿಂದ. ಅದರಲ್ಲಿದ್ದ ಐರೀನ್ ಟಿಂಕರ್ ನಮ್ಮ ದೇಶದ ಮೊದಲ ಮಹಾಚುನಾವಣೆಯ ಮೇಲೆ ಡಾಕ್ಟರೇಟ್ ಮಾಡಲು ಭಾರತಕ್ಕೆ ಬಂದಿದ್ದವರು. ಇವರೆಲ್ಲ ಓಡಾಡಿದ್ದರಿಂದ 1973ರಲ್ಲಿ ಸೆನೆಟರ್ ಚಾರ್ಲ್ಸ್ ಪರ್ಸಿ ಅಮೆರಿಕದ ವಿದೇಶಿ ನೆರವಿನ ಕಾನೂನಿಗೆ ಒಂದು ತಿದ್ದುಪಡಿ ತಂದರು. ನೆರವಿನ ಕಾರ್ಯಕ್ರಮಗಳಲ್ಲಿ ಹೆಂಗಸರನ್ನು ಸೇರಿಸಿಕೊಳ್ಳಬೇಕು ಎಂಬುದು ಕಾನೂನಾಯಿತು. ಎರಡು ವರ್ಷಕ್ಕೆ ಮೆಕ್ಸಿಕೊದಲ್ಲಿ ವಿಶ್ವ ಮಹಿಳಾ ಸಮ್ಮೇಳನ. ಅದರ ಹಿಂದಿನ ವರ್ಷ, 1974ರಲ್ಲಿ, ಭಾರತದ ಸಮಿತಿಯೂ ‘ಸಮಾನತೆಯತ್ತ’ ವರದಿ ಕೊಟ್ಟಿತ್ತು. ಬರೀ ಮಾತಾಡುವ ಸಂಘ ಎಂದು ಮೇಲೆ ಬರೆದೆವಲ್ಲ, ಆ ಮಾತನ್ನು ಇಲ್ಲಿ ಅರ್ಧ ವಾಪಸ್ ತೆಗೆದುಕೊಳ್ಳುತ್ತೇವೆ.

ಅರ್ಧ ಯಾಕೆಂದರೆ, ಇದೇ ಪದಪುಂಜ ಸರ್ಕಾರಿ ಕಡತಕ್ಕೆ ಇಳಿದಾಗ ಹೆಂಗಸು ಮತ್ತೊಂದು ಕಾಲಂ ಆದಳು. ಸಂಘದ ಸಭೆಗೆ ನೂರು ಜನ ಬಂದರೆ ‘ಮಹಿಳಾ ಪ್ರಗತಿ’. ಕಳೆ ತೆಗೆಯುವ ಕೂಲಿ ಹೆಂಗಸಿಗೂ ಗಂಡಾಳಿಗೂ ಎಷ್ಟು ಅಂತರ ಎಂಬುದು ಆ ಕಾಲಂನಲ್ಲಿ ಬರುವುದಿಲ್ಲ.

1970ರ ದಶಕದ ಕೊನೆಗೆ ಎಸ್‌ಐಡಿ ಒಳಗೇ ಉತ್ತರ-ದಕ್ಷಿಣ ದುಂಡುಮೇಜಿನ ಸಭೆ ಎಂಬ ವೇದಿಕೆ ಶುರುವಾಯಿತು. ಬಾರ್ಬರಾ ವಾರ್ಡ್, ಹಕ್ ಇಬ್ಬರೂ ಅದನ್ನು ಕಟ್ಟಿದವರು. 1980ರ ದಶಕದಲ್ಲಿ ಸಾಲ ತೀರಿಸಲಾರದ ದೇಶಗಳು ಆಸ್ಪತ್ರೆ, ಶಾಲೆಯ ಖರ್ಚು ಕಡಿತ ಮಾಡುತ್ತಿದ್ದಾಗ, ಲೆಕ್ಕದ ನಡುವೆ ಮನುಷ್ಯರು ಎಲ್ಲಿ ಎಂದು ಈ ವೇದಿಕೆ ಇಸ್ತಾಂಬುಲ್‌ನಿಂದ ಅಮ್ಮಾನ್‌ವರೆಗೆ ಸಭೆ ಮೇಲೆ ಸಭೆ ಮಾಡಿತು. ಅದರಿಂದ ಹೊರಟ ದಾರಿ 1990ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ತಂದ ಮೊದಲ ಮಾನವ ಅಭಿವೃದ್ಧಿ ವರದಿಗೆ ಮುಟ್ಟಿತು. ವರದಿಯ ಸೂತ್ರಧಾರ ಅದೇ ಹಕ್. ಆಯುಷ್ಯ, ಅಕ್ಷರ, ಆದಾಯ ಮೂರನ್ನೂ ಸೇರಿಸಿ ಒಂದು ಅಂಕಿ. ಕೇಂಬ್ರಿಜ್‌ನಿಂದಲೂ ಗೆಳೆಯರಾಗಿದ್ದ ಅಮರ್ತ್ಯ ಸೇನ್‌ಗೆ ಮನುಷ್ಯರ ಬದುಕನ್ನು ಒಂದು ಅಂಕಿಗೆ ಇಳಿಸುವುದು ಮೊದಲು ಒಪ್ಪಿಗೆಯಾಗಲಿಲ್ಲ. ಉತ್ಪನ್ನದ ಅಂಕಿಯಷ್ಟೇ ಒರಟಾದ ಇನ್ನೊಂದು ಅಂಕಿ ಇಲ್ಲದೆ ಅದನ್ನು ಕುರ್ಚಿಯಿಂದ ಇಳಿಸಲಾಗದು ಎಂದು ಹಕ್ ಹಟ ಹಿಡಿದರು.

ಈ ಯುಎನ್‌ಡಿಪಿಯ ಬೇರು ಹುಡುಕುತ್ತಾ ಹೋದರೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದ ವಿ.ಕೆ.ಆರ್.ವಿ. ರಾವ್ ಸಿಗುತ್ತಾರೆ. ಭಾರತದ ರಾಷ್ಟ್ರೀಯ ಆದಾಯವನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದ ಮೊದಲಿಗರಲ್ಲಿ ಒಬ್ಬರು. 1949ರಲ್ಲಿ ವಿಶ್ವಸಂಸ್ಥೆಯ ಒಂದು ಉಪ ಆಯೋಗದ ಅಧ್ಯಕ್ಷರಾಗಿ, ಬಡದೇಶಗಳಿಗೆ ಬಂಡವಾಳ ಕೊಡಲು ವಿಶ್ವಸಂಸ್ಥೆಯ ಅಡಿಯಲ್ಲೇ ಒಂದು ಸಂಸ್ಥೆ ಬೇಕು ಎಂದು ಕೇಳಿದವರು. ಶ್ರೀಮಂತ ದೇಶಗಳು ಒಪ್ಪಲಿಲ್ಲ. ವರ್ಷಗಟ್ಟಲೆ ಎಳೆದಾಟದ ಮೇಲೆ ಸಿಕ್ಕಿದ್ದು 1958ರ ಒಂದು ಸಣ್ಣ ವಿಶೇಷ ನಿಧಿ. ಆ ನಿಧಿಯೇ ಮುಂದೆ ಇನ್ನೊಂದರ ಜತೆ ಸೇರಿ ಯುಎನ್‌ಡಿಪಿ ಆಯಿತು. ದೆಹಲಿ ಸಮ್ಮೇಳನದ ವರ್ಷ ರಾವ್ ಕೇಂದ್ರ ಶಿಕ್ಷಣ ಸಚಿವರು. 1972ರಲ್ಲಿ ಬೆಂಗಳೂರಿನ ಐಸೆಕ್ ಕಟ್ಟಿದರು.

ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿ 1999ರಲ್ಲಿ, ಎರಡನೆಯದು 2005ರಲ್ಲಿ ಬಂತು. ಎರಡರಲ್ಲೂ ಕೊನೇ ಸ್ಥಾನ ರಾಯಚೂರಿಗೆ. ನಡುವೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚ್ಯಂಕ ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ತಾಲ್ಲೂಕು ಆ 39ರಲ್ಲಿದೆ. ‘ಅತ್ಯಂತ ಹಿಂದುಳಿದ’ ಎನ್ನುವುದು ಈಗ ನಮ್ಮೂರಿನ ಹೆಸರಿನ ಹಿಂದೆ ಬಿರುದಿನಂತೆ ಅಂಟಿಕೊಂಡಿದೆ. ಭಾಷಣದಲ್ಲಿ ಬರುತ್ತದೆ, ಮನವಿ ಪತ್ರದಲ್ಲಿ ಬರುತ್ತದೆ, ನಮ್ಮ ಸುದ್ದಿಯ ಮೊದಲ ಸಾಲಿನಲ್ಲೂ ಬರುತ್ತದೆ. ಅಂಕಿಯಿಂದ ಅನುದಾನ ಬಂತು, ಅದು ಸುಳ್ಳಲ್ಲ. ಅನುದಾನ ಬಂದ ಮೇಲೆ ಎಣಿಕೆ ಮತ್ತೆ ಖರ್ಚಿಗೇ ಹೋಯಿತು.

ಸೀರ್ಸ್ ಕೂಡ ತಮ್ಮ ಪಟ್ಟಿಯನ್ನು ತಾವೇ ತಿದ್ದಿಕೊಂಡರು. 1970ರ ದಶಕದಲ್ಲಿ ಅದೇ ಪ್ರಬಂಧಕ್ಕೆ ಇನ್ನೊಂದು ಬರೆದು, ಮೂರು ಪ್ರಶ್ನೆ ಸಾಲದು, ದೇಶ ಎಷ್ಟರ ಮಟ್ಟಿಗೆ ತನ್ನ ಕಾಲ ಮೇಲೆ ನಿಂತಿದೆ ಎಂಬುದನ್ನೂ ಕೇಳಬೇಕು ಎಂದರು. 1983ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ಬಂದ ಕೆಡಿಪಿ ಸಭೆಗೆ ನಾವು ಒಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆವು. ಸಭೆ ಮುಗಿದು ಚಹಾ ಕುಡಿಯುವಾಗ ಒಬ್ಬ ಅಧಿಕಾರಿಯನ್ನು ಹಿಡಿದು, ‘ಸರ್, ಈ ವರ್ಷ ತಾಲ್ಲೂಕಿನಿಂದ ಎಷ್ಟು ಕುಟುಂಬ ಗುಳೆ ಹೋಗ್ಯಾವ?’ ಎಂದು ಕೇಳಿದೆವು. ಅವರಿಗೆ ಸಿಟ್ಟೇನೂ ಬರಲಿಲ್ಲ. ಪುಸ್ತಕ ಬಿಚ್ಚಿ, ಹಿಂದೆ ಮುಂದೆ ತಿರುವಿ, ನಿಜವಾಗಿ ಹುಡುಕಿದರು.

‘ಆ ಕಾಲಂ ಇದ್ರಾಗ ಇಲ್ರೀ.’

ಅದನ್ನೇ ಸುದ್ದಿ ಮಾಡಿ ಕಳಿಸಿದೆವು. ಮರುದಿನ ಪುಟದಲ್ಲಿ ಬಂದಿದ್ದು ಮೂರು ಸಾಲು: ಸಭೆ ನಡೆಯಿತು, ಶಾಸಕರು ಅಧ್ಯಕ್ಷತೆ ವಹಿಸಿದ್ದರು, ಶೇಕಡಾವಾರು ಪ್ರಗತಿ ಇಷ್ಟು. ಗುಳೆಯ ಲೆಕ್ಕಕ್ಕೆ ಈಗ ನಾವು ನಾಲ್ವರು ಗೆಳೆಯರು ಬಸ್ ನಿಲ್ದಾಣದಲ್ಲಿ ಬೆಂಗಳೂರು ಬಸ್ಸು ಹೊರಡುವ ಹೊತ್ತಿಗೆ ಸರದಿಯ ಮೇಲೆ ನಿಂತು ಗಂಟುಮೂಟೆ ಸಮೇತ ಹತ್ತುವ ಮನೆಗಳನ್ನು ಎಣಿಸುತ್ತಿದ್ದೇವೆ. ದೀಪಾವಳಿಯ ಮಾರನೇ ವಾರದಿಂದ ಶುರು ಮಾಡಿದ್ದೇವೆ, ಯುಗಾದಿಗೆ ವಾಪಸ್ ಬರುವವರನ್ನೂ ಎಣಿಸಬೇಕು.