ಸುಳಿ ಸುಳ್ಳು ಹೇಳದು
ಮದ್ರಾಸಿನ ಗಿಂಡಿಯಲ್ಲಿ ಕುದುರೆ ಓಟ ಶುರುವಾದದ್ದು 1777ರಲ್ಲಿ. ಮದ್ರಾಸ್ ರೇಸ್ ಕ್ಲಬ್ ಹುಟ್ಟಿದ್ದು 1896ರಲ್ಲಿ. ಒಂದು ಕುದುರೆಯ ಹೆಸರಿನಲ್ಲಿ ಇನ್ನೊಂದು ಓಡಿದರೆ ಪಣವೆಲ್ಲ ಮೋಸ. ಬಣ್ಣವೊಂದನ್ನೇ ನಂಬುವಂತಿಲ್ಲ: ರೇಸ್ ಕುದುರೆಗಳಲ್ಲಿ ಕಂದು ಬಣ್ಣದವೇ ಹೆಚ್ಚು, ಬೂದು ಕುದುರೆಯೋ ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ, ವಯಸ್ಸಾದಂತೆ ಬೆಳ್ಳಗಾಗುತ್ತದೆ. ಅದಕ್ಕೇ ಗುರುತುಪತ್ರದಲ್ಲಿ ಹಣೆಯ ಚುಕ್ಕೆ, ಕಾಲಿನ ಬಿಳುಪಿನ ಜೊತೆಗೆ ಕೂದಲಿನ ಸುಳಿಗಳ ಜಾಗವನ್ನೂ ಬರೆಯುತ್ತಾರೆ. ಸುಳಿ ಸಾಯುವವರೆಗೂ ಬದಲಾಗದು.

ಈ ನೋಟ ಹೊಸದಲ್ಲ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಬಣ್ಣ, ಸುಳಿಗಳನ್ನು ವಿವರಿಸಿದ್ದ. ನಾಲ್ಕು ಕಾಲು, ಮುಖ ಬೆಳ್ಳಗಿದ್ದರೆ ಪಂಚಕಲ್ಯಾಣಿ, ಶುಭ. ಅಂದು ಸುಳಿಯಲ್ಲಿ ಹುಡುಕಿದ್ದು ಒಡೆಯನ ಭಾಗ್ಯವನ್ನು. ಈಗ ಹುಡುಕುವುದು ಕುದುರೆ ಯಾವುದೆಂಬ ಸತ್ಯವನ್ನು.